ನಕ್ಷೆಯನ್ನಲ್ಲ, ಅಕ್ಷವನ್ನು ತಿರುಗಿಸಿ

ಮಾನ್ಯ ಸಂಪಾದಕರೇ,

ನಿಮ್ಮ ಉದ್ಯೋಗ ಪುಟದಲ್ಲಿ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಕ್ಯಾಡ್ ತರಬೇತಿಯ ಜಾಹೀರಾತುಗಳು ವಾರ ತಪ್ಪದೆ ಬರುತ್ತವೆ. ವಿಜಯಪುರ, ಕಲಬುರಗಿ, ಬೀದರ್, ಬೆಳಗಾವಿ ಕಡೆಯಿಂದ ಐಟಿಐ ಇಲ್ಲವೇ ಡಿಪ್ಲೊಮಾ ಮುಗಿಸಿ ಪುಣೆಗೆ ಬರುವ ಹುಡುಗ ಹುಡುಗಿಯರು ಮೊದಲು ಹೋಗಿ ಸೇರುವುದು ಇಂಥ ತರಗತಿಗಳಿಗೇ. ಅಲ್ಲಿ ಲೈನ್, ಟ್ರಿಮ್, ಹ್ಯಾಚ್, ಲೇಯರ್, ಡೈಮೆನ್ಷನ್ ಎಲ್ಲವನ್ನೂ ಕಲಿಸುತ್ತಾರೆ. ಯುಸಿಎಸ್, ಎಂದರೆ ನಕ್ಷೆ ಬರೆಯುವವನು ತನಗೆ ಬೇಕಾದಂತೆ ಇಟ್ಟುಕೊಳ್ಳುವ ಅಕ್ಷವ್ಯವಸ್ಥೆ, ಬಂತೆಂದರೆ ಮಾತ್ರ "ಅದು ತ್ರೀಡಿ ಮಾಡುವವರಿಗೆ, ನಿಮಗೆ ಬೇಡ" ಎಂದು ಪುಟ ಮಗುಚುತ್ತಾರೆ. ನಮ್ಮ ತಕರಾರು ಇದೊಂದರ ಮೇಲೆ. ಎರಡೇ ಆಯಾಮದ ಸೈಟ್ ಪ್ಲಾನ್ ಮಾಡುವವನಿಗೆ ತ್ರೀಡಿಯವನಿಗಿಂತ ಯುಸಿಎಸ್ ಹೆಚ್ಚು ಬೇಕು. ಅದು ಗೊತ್ತಿಲ್ಲದೆ ಕೆಲಸಕ್ಕೆ ಕೂತವನ ಮೊದಲ ದೊಡ್ಡ ತಪ್ಪು ಬಹುಪಾಲು ಇಲ್ಲಿಯೇ ಆಗುತ್ತದೆ.

ಪುಣೆಯಲ್ಲಿ ಉತ್ತರಕ್ಕೆ ನೆಟ್ಟಗೆ ಕೂತ ಪ್ಲಾಟು ಸಿಗುವುದು ಅಪರೂಪ. ಪೇಠೆಗಳ ಓಣಿಗಳಿರಲಿ, ನಾಲೆಯ ಪಕ್ಕದ ತುಂಡು ಜಮೀನಿರಲಿ, ಗುಡ್ಡದ ಇಳಿಜಾರಿನ ಸೊಸೈಟಿಗಳಿರಲಿ, ಎಲ್ಲವೂ ಓರೆ. ಸರ್ವೇಯರು ಟೋಟಲ್ ಸ್ಟೇಷನ್ ಎಂಬ ಅಳತೆಯ ಯಂತ್ರದಿಂದಲೋ ಉಪಗ್ರಹದ ಸಂಕೇತ ಹಿಡಿಯುವ ಡಿಜಿಪಿಎಸ್‌ನಿಂದಲೋ ತಂದುಕೊಟ್ಟ ಬಿಂದುಗಳು ಪರದೆಯ ಮೇಲೂ ಓರೆಯಾಗಿಯೇ ಬೀಳುತ್ತವೆ. ಗೆರೆಯನ್ನು ಅಡ್ಡ ಉದ್ದಕ್ಕೆ ಮಾತ್ರ ಬಿಡುವ ಆರ್ಥೊ ಒತ್ತಿದರೆ ಗೆರೆ ಗೋಡೆಯ ಜಾಡು ಹಿಡಿಯುವುದಿಲ್ಲ, ಕಾಲಂಗಳನ್ನು ಸಾಲಾಗಿ ನಕಲಿಸುವ ಅರೇ ಪ್ಲಾಟಿನ ಆಚೆ ಹೋಗುತ್ತದೆ. ಆಗ ಹೊಸಬರು ಇಡೀ ಸರ್ವೇಯನ್ನು ಸೆಲೆಕ್ಟ್ ಮಾಡಿ ರೊಟೇಟ್ ಕೊಡುತ್ತಾರೆ, ಮೂವ್ ಕೊಟ್ಟು ಒಂದು ಮೂಲೆಯನ್ನು 0,0ಕ್ಕೆ ತಂದಿಡುತ್ತಾರೆ. ಅಂದಿನ ಕೆಲಸವೇನೋ ಸಲೀಸಾಗುತ್ತದೆ. ಆದರೆ ಅದು ಊರಿನ ಮೈಲಿಗಲ್ಲನ್ನು ಕಿತ್ತು ತನ್ನ ಮನೆ ಮುಂದೆ ನೆಟ್ಟುಕೊಂಡ ಹಾಗೆ. ಕಟ್ಟಡದ ಗುರುತುಗಳನ್ನು ನೆಲದ ಮೇಲೆ ಹಾಕುವ ಲೈನ್‌ಔಟ್‌ಗೆ ಸರ್ವೇಯರು ಮತ್ತೆ ಬಂದು ಕಾಲಂಗಳ ನಿರ್ದೇಶಾಂಕ ಕೇಳಿದಾಗ ಕೊಡಲು ಏನೂ ಇರುವುದಿಲ್ಲ. ಡ್ರೈನೇಜ್, ರಸ್ತೆ, ವಿದ್ಯುತ್ ಸಲಹೆಗಾರರ ನಕ್ಷೆಗಳು ಇದರ ಮೇಲೆ ಕೂರುವುದಿಲ್ಲ. ಹಿಂದಕ್ಕೆ ತಿರುಗಿಸೋಣವೆಂದರೆ ಮೊದಲು ಎಷ್ಟು ತಿರುಗಿಸಿದ್ದೆಂದು ಯಾರೂ ಬರೆದಿಟ್ಟಿರುವುದಿಲ್ಲ. ಬರೆದಿಟ್ಟರೂ 22.4873 ಡಿಗ್ರಿಯನ್ನು 22.5 ಎಂದು ಬರೆದಿರುತ್ತಾರೆ. ಈ ಸಣ್ಣ ವ್ಯತ್ಯಾಸ 40 ಮೀಟರ್ ಉದ್ದದಲ್ಲಿ ಸುಮಾರು 9 ಮಿಲಿಮೀಟರ್, 300 ಮೀಟರ್ ಉದ್ದದಲ್ಲಿ 66 ಮಿಲಿಮೀಟರ್ ಆಗುತ್ತದೆ. ಕಂಪೌಂಡ್ ಗೋಡೆಯ ಜಗಳಕ್ಕೆ ಅಷ್ಟು ಸಾಕು.

ಕ್ಯಾಡ್ ಸಾಫ್ಟ್‌ವೇರ್ ಆದ ಆಟೋಕ್ಯಾಡ್‌ನಲ್ಲಿ ವರ್ಲ್ಡ್ ಎಂಬ ಒಂದು ಅಕ್ಷವ್ಯವಸ್ಥೆ ಇದೆ. ಅದನ್ನು ಯಾರೂ ಅಲ್ಲಾಡಿಸಲಾರರು. ಫೈಲಿನೊಳಗೆ ಎಲ್ಲವೂ ಲೆಕ್ಕಕ್ಕೆ ಸಿಗುವುದು ಅದರ ಆಧಾರದ ಮೇಲೆ. ಅದರ ಮೇಲೆ ನಮಗೆ ಬೇಕಾದ ಮೂಲಬಿಂದು, ಬೇಕಾದ ದಿಕ್ಕು ಇಟ್ಟುಕೊಂಡು ಮಾಡಿಕೊಳ್ಳುವ ತಾತ್ಕಾಲಿಕ ವ್ಯವಸ್ಥೆ ಯುಸಿಎಸ್. 1988ರ ಹತ್ತನೇ ಆವೃತ್ತಿಯಿಂದಲೂ ಇದೆ. ಬ್ರಿಕ್ಸ್‌ಕ್ಯಾಡ್, ಝಡ್‌ಡಬ್ಲ್ಯೂಕ್ಯಾಡ್‌ಗಳಲ್ಲೂ ಇದೇ ಹೆಸರಿನ ಆಜ್ಞೆಯೇ ನಡೆಯುತ್ತದೆ. ಯುಸಿಎಸ್ ಬದಲಿಸಿದರೆ ನಕ್ಷೆಯ ಒಂದು ಗೆರೆಯೂ ಕದಲುವುದಿಲ್ಲ. ಆರ್ಥೊ, ಗ್ರಿಡ್, ಪೋಲಾರ್, ಅರೇ, ಅಕ್ಷರಗಳ ಓರೆ, ಹ್ಯಾಚ್‌ನ ಕೋನ, ಅಡ್ಡ ಉದ್ದದ ಡೈಮೆನ್ಷನ್ ಮಾತ್ರ ಹೊಸ ಅಕ್ಷಕ್ಕೆ ಬದ್ಧವಾಗುತ್ತವೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪ್ಲಾಟಿನ ನೈಋತ್ಯ ಮೂಲೆ 379612.450, 2048155.300. ಅಲ್ಲಿಂದ ಮುಂಭಾಗದ ಗಡಿಯಲ್ಲಿ 40 ಮೀಟರ್ ಆಚೆಯ ಕಲ್ಲು 379649.405, 2048170.607. ಎಂದರೆ ಗಡಿ ಪೂರ್ವದಿಂದ 22.5 ಡಿಗ್ರಿ ಮೇಲಕ್ಕೆ ಓರೆಯಾಗಿದೆ. ಯುಸಿಎಸ್ ಎಂದು ಟೈಪಿಸಿ ಎಂಟರ್ ಒತ್ತಿ. ಗೆರೆಯ ತುದಿಯನ್ನು ಕರಾರುವಾಕ್ಕಾಗಿ ಹಿಡಿಯುವ ಎಂಡ್‌ಪಾಯಿಂಟ್ ಸ್ನ್ಯಾಪ್ ಇಟ್ಟುಕೊಂಡು ಮೊದಲ ಕ್ಲಿಕ್ ನೈಋತ್ಯ ಮೂಲೆಗೆ, ಅದು ಮೂಲಬಿಂದು. ಎರಡನೆಯ ಕ್ಲಿಕ್ ಆಚೆಯ ಕಲ್ಲಿಗೆ, ಅದು ಎಕ್ಸ್ ಅಕ್ಷದ ದಿಕ್ಕು. ಮೂರನೆಯ ಕ್ಲಿಕ್ ಪ್ಲಾಟಿನ ಒಳಭಾಗದಲ್ಲಿ ಎಲ್ಲಾದರೂ, ಅದು ವೈ ಯಾವ ಕಡೆಗೆ ಎಂಬುದನ್ನು ಹೇಳುತ್ತದೆ. ಇಷ್ಟಾದ ಮೇಲೆ ಬಿಂದುವಿನ ನಿರ್ದೇಶಾಂಕ ತೋರಿಸುವ ಐಡಿ ಆಜ್ಞೆ ಕೊಟ್ಟು ಆಚೆಯ ಕಲ್ಲನ್ನು ಕ್ಲಿಕ್ ಮಾಡಿದರೆ 40.000, 0.000 ಬರಬೇಕು. ಬಾರದಿದ್ದರೆ ಮುಂದೆ ಹೋಗಬೇಡಿ.

ಇಲ್ಲಿಯೇ ಒಂದು ಗುಂಡಿ ಇದೆ, ತರಗತಿಯಲ್ಲಿ ಕಲಿತವರೂ ಇದರಲ್ಲಿ ಬೀಳುತ್ತಾರೆ. ಸರ್ವೇ ಬಿಂದುಗಳಿಗೆ ಲೆವೆಲ್, ಎಂದರೆ ಎತ್ತರದ ಅಂಕಿ, ಇರುತ್ತದೆ. ಒಂದು ಮೂಲೆ 560.325, ಇನ್ನೊಂದು 560.870, ಮೂರನೆಯದು 561.4 ಹೀಗೆ. ಆ ಬಿಂದುಗಳಿಗೇ ಸ್ನ್ಯಾಪ್ ಮಾಡಿ ಮೂರು ಕ್ಲಿಕ್ ಕೊಟ್ಟರೆ ಯುಸಿಎಸ್ ನೆಲದ ಇಳಿಜಾರಿನ ಜೊತೆಗೆ ತಾನೂ ವಾಲುತ್ತದೆ. ಮೇಲಿನಿಂದ ನೋಡುವಾಗ ಏನೂ ಕಾಣುವುದಿಲ್ಲ. ಆದರೆ ಆಮೇಲೆ ಹಾಕುವ ಪ್ರತಿ ಗೆರೆಯೂ ಓರೆ ಹಲಗೆಯ ಮೇಲೆ ಬೀಳುತ್ತದೆ. ಒಂದು ದಿನ ಎರಡು ಗೆರೆಗಳ ಮೂಲೆ ಕೂಡಿಸುವ ಫಿಲೆಟ್ ಕೊಟ್ಟರೆ ಎರಡು ಗೆರೆ ಒಂದೇ ಸಮತಲದಲ್ಲಿಲ್ಲ ಎಂಬ ಸಂದೇಶ ಬರುತ್ತದೆ, ಟ್ರಿಮ್ ಕೇಳುವುದಿಲ್ಲ, ಹ್ಯಾಚ್‌ಗೆ ಗಡಿ ಸಿಗುವುದಿಲ್ಲ. ಆಗ ಸಾಫ್ಟ್‌ವೇರ್ ಕೆಟ್ಟಿದೆ ಎಂದು ಮತ್ತೆ ಇನ್‌ಸ್ಟಾಲ್ ಮಾಡುವವರೂ ಇದ್ದಾರೆ.

ತಪ್ಪಿಸಿಕೊಳ್ಳಲು ಎರಡು ದಾರಿ. ಓಸ್ನ್ಯಾಪ್‌ಝಡ್ ಎಂಬ ಚರವನ್ನು (ಸೆಟ್ಟಿಂಗನ್ನು) 1 ಮಾಡಿ, ವರ್ಲ್ಡ್‌ನಲ್ಲಿದ್ದೇ ಮೂರು ಕ್ಲಿಕ್ ಕೊಡಿ. ಆಗ ಸ್ನ್ಯಾಪ್ ಬಿಂದುವಿನ ಎಕ್ಸ್, ವೈ ಮಾತ್ರ ತೆಗೆದುಕೊಂಡು, ಝಡ್ ಬದಲು ಎಲಿವೇಷನ್ ಚರದಲ್ಲಿರುವ ಬೆಲೆಯನ್ನು ಹಾಕುತ್ತದೆ. ಅದು ಸಾಮಾನ್ಯವಾಗಿ 0, ಆದರೂ ಮೊದಲೇ ನೋಡಿಕೊಂಡರೆ ಒಳ್ಳೆಯದು. ಕೆಲಸ ಮುಗಿದ ಮೇಲೆ ಚರವನ್ನು 0ಗೆ ಮರಳಿಸಿ, ಇಲ್ಲದಿದ್ದರೆ ಲೆವೆಲ್ ಬೇಕಾದ ಕಡೆಯೂ ಸಿಗದು. ಎರಡನೆಯ ದಾರಿ ಇನ್ನೂ ಸರಳ. ಯುಸಿಎಸ್ ಕೊಟ್ಟು ಮೂಲಬಿಂದುವಿಗೆ ಒಂದು ಕ್ಲಿಕ್ ಮಾಡಿ ಎಂಟರ್ ಒತ್ತಿ. ಮತ್ತೆ ಯುಸಿಎಸ್, ಆಮೇಲೆ ಝಡ್ ಎಂದು ಕೊಟ್ಟು, ಕೋನ ಕೇಳಿದಾಗ ಅಂಕಿ ಟೈಪಿಸುವ ಬದಲು ಗಡಿಯ ಎರಡು ತುದಿಗಳನ್ನು ಕ್ಲಿಕ್ ಮಾಡಿ. ಝಡ್ ಸುತ್ತ ಮಾತ್ರ ತಿರುಗುವುದರಿಂದ ವಾಲುವ ಮಾತಿಲ್ಲ, ಕೋನವೂ ಕಂಪ್ಯೂಟರಿಗೆ ಗೊತ್ತಿರುವಷ್ಟು ದಶಮಾಂಶ ಸ್ಥಾನಗಳವರೆಗೆ ಬರುತ್ತದೆ. ಮೂಲಬಿಂದುವಿನ ಲೆವೆಲ್ ಮಾತ್ರ ಇಲ್ಲೂ ಅಂಟಿಕೊಳ್ಳುತ್ತದೆ, ಹಾಗಾಗಿ ಓಸ್ನ್ಯಾಪ್‌ಝಡ್ ಇಲ್ಲೂ ಇರಲಿ.

ಅನುಮಾನವಿದ್ದರೆ ಯುಸಿಎಸ್‌ಮ್ಯಾನ್ ಆಜ್ಞೆಯ ಪೆಟ್ಟಿಗೆಯಲ್ಲಿ ಡಿಟೇಲ್ಸ್ ಗುಂಡಿ ಒತ್ತಿ ನೋಡಿ. ವರ್ಲ್ಡ್‌ಗೆ ಹೋಲಿಸಿದಾಗ ಝಡ್ ಅಕ್ಷದ ಸಾಲಿನಲ್ಲಿ 0, 0, 1 ಇರಬೇಕು. 0.0181 ಅಂಥದ್ದೇನಾದರೂ ಕಂಡರೆ ವಾಲಿದೆ. 0, 0, −1 ಇದ್ದರೆ ಮೂರನೆಯ ಕ್ಲಿಕ್ ಪ್ಲಾಟಿನ ಹೊರಗೆ, ತಪ್ಪು ಬದಿಗೆ ಬಿದ್ದು ಝಡ್ ಕೆಳಗೆ ತಿರುಗಿದೆ. ಈ ಎರಡನೆಯ ತಪ್ಪು ಕಾರ್ಖಾನೆಗಳಿರುವ ಭೋಸರಿಯ ಲೇಸರ್ ಮೆಷಿನ್ನಿನವರೆಗೂ ಹೋಗಿ ಕಾಡುತ್ತದೆ. ಅದನ್ನು ಮುಂದೆ ಹೇಳುತ್ತೇವೆ.

ಆಬ್ಜೆಕ್ಟ್ ಎಂಬ ಆಯ್ಕೆಯನ್ನು ಕೆಲವರು ಇಷ್ಟಪಡುತ್ತಾರೆ. ಗಡಿಯ ಗೆರೆಯನ್ನು ಕ್ಲಿಕ್ ಮಾಡಿದರೆ ಸಾಕು, ಅಕ್ಷ ಅದಕ್ಕೆ ಹೊಂದುತ್ತದೆ. ಆದರೆ ಕ್ಲಿಕ್ ಯಾವ ತುದಿಗೆ ಹತ್ತಿರವೋ ಆ ತುದಿಯೇ ಮೂಲಬಿಂದುವಾಗುತ್ತದೆ. ಗೆರೆಯ ಬಲ ಅರ್ಧದಲ್ಲಿ ಒತ್ತಿದರೆ ಅಕ್ಷ 180 ಡಿಗ್ರಿ ಉಲ್ಟಾ. ಅವಸರದವರಿಗೆ ಇದು ಬೇಡ.

ಅಕ್ಷ ಸರಿಯಾಯಿತೆಂದರೆ ಆಗಲೇ ಹೆಸರಿಡಿ. ಯುಸಿಎಸ್, ನೇಮ್ಡ್, ಸೇವ್ ಎಂದು ಕೊಟ್ಟು, ಪ್ಲಾಟ್ ನಂಬರೋ ಕಟ್ಟಡದ ವಿಂಗೋ ಹೆಸರಾಗಿರಲಿ. ಹೊಸದು, ಫೈನಲ್, ಒಂದು, ಎರಡು ಎಂಬ ಹೆಸರುಗಳು ನಾಳೆ ಫೈಲ್ ತೆರೆಯುವವನಿಗೆ ಏನೂ ಹೇಳವು. ಮೂರು ವಿಂಗ್ ಮೂರು ಓರೆಯಲ್ಲಿದ್ದರೆ ಮೂರು ಹೆಸರು. ಪ್ರೀವಿಯಸ್ ಆಯ್ಕೆ ಹಿಂದಿನ ಹತ್ತು ಯುಸಿಎಸ್‌ಗಳವರೆಗೆ ಮರಳಿಸುತ್ತದೆ ನಿಜ, ಅದನ್ನೇ ನಂಬಿ ಹೆಸರಿಡದೆ ಬಿಡಬಾರದು.

ಈಗ ನೋಟವನ್ನು ತಿರುಗಿಸಬೇಕು. ಪ್ಲಾನ್ ಎಂದು ಟೈಪಿಸಿ ಕರೆಂಟ್ ಆರಿಸಿದರೆ ಪರದೆಯ ಮೇಲೆ ಪ್ಲಾಟು ನೆಟ್ಟಗಾಗುತ್ತದೆ. ತಿರುಗಿದ್ದು ನಮ್ಮ ಕಣ್ಣೇ ಹೊರತು ಜಮೀನಲ್ಲ. ಪ್ಲಾನ್, ವರ್ಲ್ಡ್ ಎಂದರೆ ಮತ್ತೆ ಮೊದಲಿನ ಹಾಗೆ. ಯುಸಿಎಸ್‌ಫಾಲೋ ಎಂಬ ಚರವನ್ನು 1 ಮಾಡಿದರೆ ಯುಸಿಎಸ್ ಬದಲಾದಾಗಲೆಲ್ಲ ನೋಟವೂ ತಾನೇ ತಿರುಗುತ್ತದೆ. ಕೇಳಲು ಚೆನ್ನ, ಬಳಸಲು ರಗಳೆ. ಪ್ರತಿ ಸಲವೂ ಝೂಮ್ ಬದಲಾಗುತ್ತದೆ, ಮುದ್ರಣದ ಹಾಳೆಯಾದ ಲೇಔಟ್‌ನ ವ್ಯೂಪೋರ್ಟಿನಲ್ಲಿ (ನಕ್ಷೆ ಕಾಣುವ ಕಿಟಕಿಯಲ್ಲಿ) ಸ್ಕೇಲ್ ಹಾರಿಹೋಗುತ್ತದೆ. ಅದನ್ನು 0ಯಲ್ಲೇ ಬಿಟ್ಟು ಬೇಕಾದಾಗ ಪ್ಲಾನ್ ಕೊಡುವುದೇ ಮೇಲು.

ಲೇಔಟ್‌ನಲ್ಲಿ ಕ್ರಮ ಹೀಗೆ: ವ್ಯೂಪೋರ್ಟಿನೊಳಗೆ ಎರಡು ಸಲ ಕ್ಲಿಕ್ ಮಾಡಿ ಹೋಗಿ, ಹೆಸರಿಟ್ಟ ಯುಸಿಎಸ್ ಕರೆದು, ಪ್ಲಾನ್ ಕೊಟ್ಟು, ಆಮೇಲೆ ಸ್ಕೇಲ್. ಮೊದಲೇ ಸ್ಕೇಲ್ ಕೊಟ್ಟರೆ ಪ್ಲಾನ್ ಅದನ್ನು ಕೆಡಿಸುತ್ತದೆ. ನಕ್ಷೆ ಮಿಲಿಮೀಟರಿನಲ್ಲಿದ್ದರೆ 1:100ಕ್ಕೆ ಝೂಮ್ 1/100ಎಕ್ಸ್‌ಪಿ (ಎಕ್ಸ್‌ಪಿ ಎಂದರೆ ಕಾಗದಕ್ಕೆ ಹೋಲಿಸಿದ ಅಳತೆ). ಸರ್ವೇ ಫೈಲಿನ ಹಾಗೆ ಮೀಟರಿನಲ್ಲಿದ್ದರೆ 1:100ಕ್ಕೆ 10ಎಕ್ಸ್‌ಪಿ, 1:500ಕ್ಕೆ 2ಎಕ್ಸ್‌ಪಿ. ಕೊನೆಗೆ ವ್ಯೂಪೋರ್ಟಿನ ಚೌಕಟ್ಟನ್ನು ಹಿಡಿದು ಪ್ರಾಪರ್ಟೀಸ್‌ನಲ್ಲಿ ಡಿಸ್‌ಪ್ಲೇ ಲಾಕ್ ಹಾಕಿ. ಉತ್ತರದ ಬಾಣವನ್ನು ಕಾಗದದ ಮೇಲೆ ನೆಟ್ಟಗೆ ಇಡುವ ತಪ್ಪು ಆಗಾಗ ಕಾಣುತ್ತದೆ. ಬಾಣವನ್ನು ಮಾಡೆಲ್‌ನಲ್ಲಿ, ವರ್ಲ್ಡ್‌ನಲ್ಲಿದ್ದು, 0 ಡಿಗ್ರಿಗೆ ಸೇರಿಸಿದರೆ ತಿರುಗಿದ ನೋಟದಲ್ಲಿ ಅದು ತಾನಾಗಿಯೇ ಸರಿಯಾದ ಓರೆಗೆ ಬರುತ್ತದೆ.

ಈ ವಿಧಾನದ ನಿಜವಾದ ಲಾಭ ಲೈನ್‌ಔಟ್ ದಿನ ಸಿಗುತ್ತದೆ. ನಮ್ಮ ಅಕ್ಷದಲ್ಲಿ 12 ಮೀಟರ್ ಅಡ್ಡ, 6 ಮೀಟರ್ ಒಳಗೆ ಇರುವ ಕಾಲಂ ಸೆಂಟರಿಗೆ ಐಡಿ ಕೊಟ್ಟರೆ 12.000, 6.000. ಯುಸಿಎಸ್ ಕೊಟ್ಟು ಸುಮ್ಮನೆ ಎಂಟರ್ ಒತ್ತಿದರೆ ವರ್ಲ್ಡ್. ಅದೇ ಬಿಂದುವಿಗೆ ಮತ್ತೆ ಐಡಿ ಕೊಡಿ: 379621.240, 2048165.435. ಇದೇ ಸರ್ವೇಯರಿಗೆ ಬೇಕಾದದ್ದು. ಕ್ಯಾಲ್ಕುಲೇಟರಿನಲ್ಲಿ ತಾಳೆ ನೋಡುವುದಿದ್ದರೆ, ಪೂರ್ವಾಂಕಕ್ಕೆ (ಮೊದಲ ಅಂಕಿ, ಪೂರ್ವದ ಕಡೆಗಿನ ಅಳತೆ) ಮೂಲಬಿಂದುವಿನ ಪೂರ್ವಾಂಕ ಕೂಡಿಸು 12 ಗುಣಿಸು ಕಾಸ್ 22.5 ಕಳೆ 6 ಗುಣಿಸು ಸೈನ್ 22.5. ಉತ್ತರಾಂಕಕ್ಕೆ (ಎರಡನೆಯ ಅಂಕಿ, ಉತ್ತರದ ಕಡೆಗಿನ ಅಳತೆ) ಮೂಲಬಿಂದುವಿನ ಉತ್ತರಾಂಕ ಕೂಡಿಸು 12 ಗುಣಿಸು ಸೈನ್ ಕೂಡಿಸು 6 ಗುಣಿಸು ಕಾಸ್. ಒಂದು ಕಾಲಂಗಾದರೂ ಕೈಯಿಂದ ಲೆಕ್ಕ ಹಾಕಿ ನೋಡುವ ರೂಢಿ ಒಳ್ಳೆಯದು. ಅಂತರ್ಜಾಲದಿಂದ ಇಳಿಸಿಕೊಂಡ ಲಿಸ್ಪ್ ಎಂಬ ಕಿರು ಪ್ರೋಗ್ರಾಂ ಬಳಸಿ ನಿರ್ದೇಶಾಂಕಗಳ ಪಟ್ಟಿ ತೆಗೆಯುವವರಿಗಂತೂ ಇದು ಕಡ್ಡಾಯ. ಕ್ಲಿಕ್ ಮಾಡಿಸಿಕೊಂಡು ಬಿಂದು ಪಡೆಯುವ ಲಿಸ್ಪ್ ಚಾಲ್ತಿಯಲ್ಲಿರುವ ಯುಸಿಎಸ್‌ನ ಅಂಕಿ ಬರೆಯುತ್ತದೆ, ವಸ್ತುವಿನ ದತ್ತಾಂಶ ಓದುವ ಲಿಸ್ಪ್ ಬಿಂದು, ಗೆರೆಗಳಿಗೆ ವರ್ಲ್ಡ್ ಅಂಕಿ ಬರೆಯುತ್ತದೆ. ಕೈಯಲ್ಲಿರುವುದು ಯಾವ ಬಗೆಯದೆಂದು ಹೊರಗಿನಿಂದ ಗೊತ್ತಾಗದು.

ತಿರುಗಿದ ಅಕ್ಷದಲ್ಲಿದ್ದಾಗಲೂ ಸರ್ವೇ ಬಿಂದುವೊಂದನ್ನು ಟೈಪಿಸಬೇಕಾದರೆ ಅಂಕಿಯ ಮುಂದೆ ನಕ್ಷತ್ರ ಚಿಹ್ನೆ ಹಾಕಿ, *379612.450,2048155.300 ಎಂದು. ಅದು ವರ್ಲ್ಡ್‌ನಲ್ಲಿ ಬೀಳುತ್ತದೆ. ಇಷ್ಟು ಪ್ರಯೋಜನದ ಚಿಹ್ನೆಯನ್ನು ಕಲಿಸದೆ ಬಿಡುವುದು ಸೋಜಿಗ.

ಇನ್ನು ಯುಸಿಎಸ್ ಮರೆತು ಹಾಗೇ ಬಿಟ್ಟಾಗ ಆಗುವ ಅನಾಹುತಗಳು. ಎಕ್ಸ್‌ರೆಫ್, ಎಂದರೆ ಕೊಂಡಿಯಾಗಿ ಜೋಡಿಸುವ ಬೇರೆಯವರ ಫೈಲು, ಸೇರಿಸುವಾಗ 0,0,0 ಎಂದರೆ ವರ್ಲ್ಡ್‌ನ 0 ಅಲ್ಲ, ಆ ಹೊತ್ತಿನ ಯುಸಿಎಸ್‌ನ 0. ಕೋನವೂ ಅದರದ್ದೇ. ಸ್ಟ್ರಕ್ಚರಲ್ ಸಲಹೆಗಾರರ ಫೈಲು ಸರಿಯಾಗಿಯೇ ಇದ್ದು, ಸೇರಿಸಿದವನ ಅಕ್ಷ ತಿರುಗಿದ್ದರಿಂದ ಅದು ಎಲ್ಲೋ ಹೋಗಿ ಬೀಳುತ್ತದೆ, ಬೈಗುಳ ಮಾತ್ರ ಕಳಿಸಿದವರಿಗೆ. ಡಬ್ಲ್ಯೂಬ್ಲಾಕ್ ಮಾಡಿ ತುಂಡೊಂದನ್ನು ಹೊಸ ಫೈಲಾಗಿ ಬರೆದರೆ, ಹೊಸ ಫೈಲಿನ ವರ್ಲ್ಡ್ ಹಳೆಯ ಫೈಲಿನ ಯುಸಿಎಸ್‌ಗೆ ಸಮಾನಾಂತರವಾಗಿ ಹುಟ್ಟುತ್ತದೆ, ಉತ್ತರ ಶಾಶ್ವತವಾಗಿ ಹೋಯಿತು. ಕಾಪಿಬೇಸ್ 0,0,0 ಕೊಟ್ಟು ಬೇರೆ ಫೈಲಿನಲ್ಲಿ 0,0,0ಕ್ಕೆ ಅಂಟಿಸುವಾಗ ಎರಡೂ ಫೈಲು ವರ್ಲ್ಡ್‌ನಲ್ಲಿರಬೇಕು. ಈ ಮೂರಕ್ಕೂ ಮದ್ದು ಒಂದೇ: ಹೊರಗಿನಿಂದ ಏನಾದರೂ ತರುವ ಮೊದಲು, ಹೊರಗೆ ಏನಾದರೂ ಕಳಿಸುವ ಮೊದಲು, ಫೈಲ್ ಮುಚ್ಚುವ ಮೊದಲು ಯುಸಿಎಸ್, ಎಂಟರ್, ಎಂಟರ್. ವ್ಯೂಕ್ಯೂಬ್‌ನ ಕೆಳಗೆ ಚಾಲ್ತಿಯಲ್ಲಿರುವ ಅಕ್ಷದ ಹೆಸರು ಬರೆದಿರುತ್ತದೆ. ಐಕಾನಿನ ಮೂಲೆಯಲ್ಲಿ ಚಿಕ್ಕ ಚೌಕ ಕಂಡರೂ ವರ್ಲ್ಡ್‌ನಲ್ಲಿದ್ದೀರಿ ಎಂದರ್ಥ. ಅಡ್ಡ ಬರುತ್ತದೆಂದು ಆ ಐಕಾನನ್ನು ಆಫ್ ಮಾಡುವ ಚಾಳಿ ಇದೆಯಲ್ಲ, ಅದು ಡ್ರೈವರು ತನಗೆ ಬೇಡವೆಂದು ಸ್ಪೀಡೋಮೀಟರ್ ಕಿತ್ತುಹಾಕುವುದಕ್ಕಿಂತ ಕಡಿಮೆಯದಲ್ಲ.

ಇದೇ ಗುಣವನ್ನು ಒಳ್ಳೆಯದಕ್ಕೂ ಬಳಸಬಹುದು. ಆರ್ಕಿಟೆಕ್ಟ್ ಕಟ್ಟಡವನ್ನು ತನ್ನ 0,0ಯಲ್ಲಿ, ಮಿಲಿಮೀಟರಿನಲ್ಲಿ, ನೆಟ್ಟಗೆ ಬರೆದಿರುತ್ತಾರೆ. ಸರ್ವೇ ಫೈಲಿನಲ್ಲಿ ಪ್ಲಾಟಿನ ಯುಸಿಎಸ್ ಕರೆದು, ಬೇಕೆಂದೇ ಆ ಅಕ್ಷದಲ್ಲಿ 0,0,0ಕ್ಕೆ, 0 ಡಿಗ್ರಿಗೆ ಎಕ್ಸ್‌ರೆಫ್ ಸೇರಿಸಿದರೆ ಕಟ್ಟಡ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಆರ್ಕಿಟೆಕ್ಟ್ ಬದಲಾವಣೆ ಮಾಡಿದಾಗ ರೀಲೋಡ್ ಮಾತ್ರ. ಅಳತೆಯ ಘಟಕ ಹೊಂದಬೇಕಾದರೆ ಎರಡೂ ಫೈಲಿನ ಇನ್ಸ್‌ಯುನಿಟ್ಸ್ ನೋಡಿಕೊಳ್ಳಿ, ಮಿಲಿಮೀಟರಿಗೆ 4, ಮೀಟರಿಗೆ 6. ಅದು ತಪ್ಪಿ 1:1 ಆಗಿ ಬಂದರೆ 18 ಮೀಟರಿನ ಕಟ್ಟಡ 18 ಕಿಲೋಮೀಟರ್ ಆಗಿ ಶಿವಾಜಿನಗರದಿಂದ ಹೊರಟು ಹಡಪಸರ ದಾಟುತ್ತದೆ.

ಮೋಜಣಿ ನಕ್ಷೆಯ ದಿಕ್ಕಿನ ಕೋನಗಳನ್ನು ಟೈಪಿಸಿ ಗಡಿ ಬರೆಯುವವರು ವರ್ಲ್ಡ್‌ನಲ್ಲಿಯೇ ಬರೆಯಬೇಕು. ಆ ಕೋನಗಳು ಉತ್ತರದಿಂದ ಎಣಿಸಿದವು. ಸಾಫ್ಟ್‌ವೇರ್ ಕೋನ ಎಣಿಸುವುದು ಚಾಲ್ತಿಯಲ್ಲಿರುವ ಯುಸಿಎಸ್‌ನಿಂದ. ಕೆಲವರು ಯುನಿಟ್ಸ್‌ನಲ್ಲಿ ಆಂಗ್‌ಬೇಸ್ 90 ಮಾಡಿ, ಆಂಗ್‌ಡಿರ್ 1 ಮಾಡಿ ಉತ್ತರದಿಂದ ಪ್ರದಕ್ಷಿಣವಾಗಿ ಎಣಿಸುವ ಹಾಗೆ ಬದಲಿಸಿಕೊಳ್ಳುತ್ತಾರೆ. ಅದು ಫೈಲಿನೊಳಗೇ ಉಳಿಯುತ್ತದೆ, ಮುಂದಿನವನು 45 ಎಂದು ಕೊಟ್ಟ ಗೆರೆ ಎತ್ತಲೋ ಹೋಗುತ್ತದೆ. ಮರಳಿ 0 ಮಾಡುವ ಸೌಜನ್ಯ ಇರಲಿ.

ಯುಸಿಎಸ್‌ನಿಂದ ಗುಣವಾಗದ ರೋಗಗಳೂ ಇವೆ. ಮುಂಬಯಿ, ಪುಣೆ, ಗೋವಾ ಮೂರೂ ಯುಟಿಎಂ ಎಂಬ ಭೂಪಟ ಪದ್ಧತಿಯ 43ನೇ ಉತ್ತರ ವಲಯದಲ್ಲಿವೆ. 72ರಿಂದ 78 ಡಿಗ್ರಿ ಪೂರ್ವ ರೇಖಾಂಶದವರೆಗಿನ ಪಟ್ಟಿ ಅದು, ನಡುವಿನ ರೇಖೆ 75. ಅಲ್ಲಿ ಪೂರ್ವಾಂಕ 5,00,000, ಸ್ಕೇಲ್ (ನಿಜದ ಉದ್ದಕ್ಕೆ ನಕ್ಷೆಯ ಉದ್ದದ ಅನುಪಾತ) 0.9996. ನಡುರೇಖೆಯಿಂದ ದೂರ ಹೋದಂತೆ ಸ್ಕೇಲ್ ಏರುತ್ತದೆ. ಪುಣೆ ಸುಮಾರು 120 ಕಿಲೋಮೀಟರ್ ಪಶ್ಚಿಮಕ್ಕಿದೆ, ಸ್ಕೇಲ್ 0.99978 ಆಸುಪಾಸು. ಅದರ ಮೇಲೆ ಊರಿನ ಎತ್ತರದ ಲೆಕ್ಕ ಸೇರಿಸಿದರೆ, ನೆಲದ ಮೇಲೆ ಟೇಪಿನಲ್ಲಿ ಅಳೆದ 1 ಕಿಲೋಮೀಟರ್ ಯುಟಿಎಂ ನಕ್ಷೆಯಲ್ಲಿ ಸುಮಾರು 30 ಸೆಂಟಿಮೀಟರ್ ಕಡಿಮೆ ಕಾಣುತ್ತದೆ. ಮುಂಬಯಿ ದಾದರ್ ಕಡೆಗೆ ಹೋದರೆ ಉಲ್ಟಾ, 1 ಕಿಲೋಮೀಟರಿಗೆ 23 ಸೆಂಟಿಮೀಟರ್ ಹೆಚ್ಚು. ನಡುವೆ ಎಲ್ಲೋ ಸ್ಕೇಲ್ ಸರಿಯಾಗಿ 1 ಆಗಬೇಕಲ್ಲ, ಆ ಗೆರೆ ಕರ್ಜತ್ ಸುತ್ತಮುತ್ತ ಹಾದುಹೋಗುತ್ತದೆ. ಘಾಟಿಗೆ ಹಿಂದಿನ ಎಂಜಿನ್ ಹಚ್ಚಲು ರೈಲು ನಿಲ್ಲುವ ಊರು ಎಂದಷ್ಟೇ ಕರ್ಜತ್ ಗೊತ್ತಿದ್ದವರಿಗೆ ಇದೊಂದು ಹೊಸ ಪರಿಚಯ.

40 ಮೀಟರಿನ ಪ್ಲಾಟಿನಲ್ಲಿ ಇದು 12 ಮಿಲಿಮೀಟರ್, ಸಾಮಾನ್ಯ ಕಟ್ಟಡಕ್ಕೆ ನಡೆದೀತು. ಎರಡು ಕಿಲೋಮೀಟರ್ ಪೈಪ್‌ಲೈನಿಗೋ ರಸ್ತೆಗೋ ನಡೆಯದು. ಟೋಟಲ್ ಸ್ಟೇಷನ್ನಿನ ನೆಲದಳತೆ, ಡಿಜಿಪಿಎಸ್‌ನ ಯುಟಿಎಂ ಅಳತೆ ಒಂದೇ ಫೈಲಿನಲ್ಲಿ ಬೆರೆತಾಗ ಕಲ್ಲುಗಳು ಹೊಂದುವುದಿಲ್ಲ. ಆಗ ಅಲೈನ್ ಆಜ್ಞೆಯಿಂದ ಎರಡು ಬಿಂದು ಹೊಂದಿಸುತ್ತಾರೆ. ಕೊನೆಯಲ್ಲಿ ಅದು ಸ್ಕೇಲ್ ಮಾಡಲೇ ಎಂದು ಕೇಳುತ್ತದೆ. ಸುಮ್ಮನೆ ಹೌದು ಒತ್ತಿದರೆ ಹಿಗ್ಗಿದ ಅಥವಾ ಕುಗ್ಗಿದ ಕಟ್ಟಡ ಸಿಗುತ್ತದೆ, 230 ಮಿಲಿಮೀಟರಿನ ಗೋಡೆ 229.93 ಎಂದು ತೋರಿಸತೊಡಗುತ್ತದೆ. ಸರ್ವೇಯರನ್ನು ಕೇಳದೆ ಅಲ್ಲಿ ಹೌದು ಹೇಳಬಾರದು. ಪುಣೆಯಲ್ಲಿ ಯುಟಿಎಂ ಉತ್ತರ ನಿಜವಾದ ಉತ್ತರದಿಂದ ಸುಮಾರು 22 ಮಿನಿಟು ಪಶ್ಚಿಮಕ್ಕೆ, ಮುಂಬಯಿಯಲ್ಲಿ ಸುಮಾರು 42 ಮಿನಿಟು. ಗೂಗಲ್ ಚಿತ್ರದ ಮೇಲೆ ನಕ್ಷೆ ಇಟ್ಟಾಗ ಸ್ವಲ್ಪ ತಿರುಗಿದಂತೆ ಕಂಡರೆ ಇದೂ ಒಂದು ಕಾರಣ.

ಇನ್ನೊಂದು ರೋಗ ದೊಡ್ಡ ಅಂಕಿಗಳದ್ದು. ಪುಣೆಯ ಉತ್ತರಾಂಕ ಮೀಟರಿನಲ್ಲಿ 20 ಲಕ್ಷ 48 ಸಾವಿರ. ಅದನ್ನು ಮಿಲಿಮೀಟರ್ ಮಾಡಿದರೆ ಇನ್ನೂರು ಕೋಟಿ ದಾಟುತ್ತದೆ. ಅಷ್ಟು ದೂರದಲ್ಲಿ ಹ್ಯಾಚ್ ಮುರಿಯುತ್ತದೆ, ವೃತ್ತಗಳು ನಡುಗುತ್ತವೆ. ಪ್ಲಾಟಿಗೆ ಯುಸಿಎಸ್ ಇಟ್ಟರೂ ಫೈಲಿನೊಳಗಿನ ವರ್ಲ್ಡ್ ಅಂಕಿ ಅಷ್ಟೇ ದೊಡ್ಡದಾಗಿ ಉಳಿಯುವುದರಿಂದ ತೊಂದರೆ ಹೋಗದು. ಸರ್ವೇ ಫೈಲನ್ನು ಮೀಟರಿನಲ್ಲೇ ಇಡುವುದು ಮೊದಲ ಉಪಾಯ. ಅದಾಗದಿದ್ದರೆ 379000 ಮತ್ತು 2048000ದಂಥ ದುಂಡು ಅಂಕಿಯನ್ನು ಒಂದೇ ಸಲ ಕಳೆದು ಮೂವ್ ಮಾಡಿ, ತಿರುಗಿಸದೆ, ಕಳೆದ ಅಂಕಿಯನ್ನು ಟೈಟಲ್ ಬ್ಲಾಕಿನಲ್ಲಿ ಬರೆಯುವುದು. ನಕ್ಷೆಯನ್ನು ಸರಿಸುವುದಕ್ಕೆ ನಾವು ಒಪ್ಪುವುದು ಈ ಷರತ್ತಿನ ಮೇಲೆ ಮಾತ್ರ.

ಭೋಸರಿ, ಚಾಕಣ್ ಕಡೆಯ ಮೆಕ್ಯಾನಿಕಲ್ ಹುಡುಗರಿಗೆ ಎರಡು ಮಾತು. ಪ್ಲೇಟಿನ ರಂಧ್ರಗಳಿಗೆ ಒಂದೇ ಬಿಂದುವಿನಿಂದ ಅಳೆಯುವ ಆರ್ಡಿನೇಟ್ ಡೈಮೆನ್ಷನ್ ಕೊಡುವಾಗ ಅದು ಎಣಿಸುವುದು ಯುಸಿಎಸ್‌ನ ಮೂಲಬಿಂದುವಿನಿಂದ. ಆದ್ದರಿಂದ ಮೊದಲು ಅಳತೆಗೆ ಆಧಾರವಾದ ಡೇಟಮ್ ರಂಧ್ರಕ್ಕೆ ಯುಸಿಎಸ್ ಇಟ್ಟು ಆಮೇಲೆ ಡೈಮೆನ್ಷನ್ ಹಾಕಿ. ಆಮೇಲೆ ಯುಸಿಎಸ್ ಬದಲಿಸಿದರೂ ಹಳೆಯ ಅಂಕಿಗಳು ಬದಲಾಗುವುದಿಲ್ಲ, ಹಾಗಾಗಿ ಒಂದೇ ಶೀಟಿನಲ್ಲಿ ಎರಡು ಡೇಟಮ್ ಬೆರೆತು ಹೋಗುವ ಅಪಾಯ ಇದೆ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದಲ್ಲಿ ಜಿ54ರಿಂದ ಜಿ59ರವರೆಗೆ ಆಫ್‌ಸೆಟ್ (ಸೊನ್ನೆಯ ಜಾಗ) ಇಟ್ಟುಕೊಳ್ಳುವ ಆಪರೇಟರಿಗೆ ಈ ಆಲೋಚನೆ ಹೊಸದಲ್ಲ. ಡ್ರಾಯಿಂಗ್‌ನ ಮೂಲಬಿಂದು, ಮೆಷಿನ್ನಿನ ಜಿ54 ಒಂದೇ ರಂಧ್ರದಲ್ಲಿದ್ದರೆ ಅವನು ಕಾಗದದ ಅಂಕಿಯನ್ನು ನೇರ ಬಳಸಬಹುದು.

ಆದರೆ ಲೇಸರ್ ಕಟಿಂಗಿಗೆ ಡಿಎಕ್ಸ್‌ಎಫ್ ನಕ್ಷೆ ಫೈಲು ಕಳಿಸುವಾಗ ಯುಸಿಎಸ್ ನಂಬಬೇಡಿ. ಶೀಟಿನ ಮೂಲೆಗೆ ಯುಸಿಎಸ್ ಇಟ್ಟು ಸೇವ್ ಮಾಡಿದರೆ ಮೆಷಿನ್ನಿಗೂ ಅದೇ ಸೊನ್ನೆ ಎಂದುಕೊಳ್ಳುತ್ತಾರೆ. ಮೆಷಿನ್ನಿನ ಸಾಫ್ಟ್‌ವೇರ್ ಓದುವುದು ವರ್ಲ್ಡ್ ಅಂಕಿಗಳನ್ನು. ಇಲ್ಲಿ ಭಾಗವನ್ನೇ ಮೂವ್ ಮಾಡಿ 0,0ಕ್ಕೆ ತರಬೇಕು. ಸೈಟ್ ಪ್ಲಾನಿಗೆ ಹೇಳಿದ್ದಕ್ಕೆ ಇದು ವಿರುದ್ಧ ಅನ್ನಿಸಿದರೆ, ಸ್ಟೀಲ್ ಪ್ಲೇಟಿಗೆ ಭೂಮಿಯ ಮೇಲೆ ಕಾಯಂ ವಿಳಾಸ ಇಲ್ಲ ಎಂಬುದನ್ನು ನೆನಪಿಡಿ.

ಮೇಲೆ ಹೇಳಿದ ತಲೆಕೆಳಗಾದ ಝಡ್ ಬಂದು ಕಾಡುವುದು ಇಲ್ಲಿ. ಫೈಲಿನಲ್ಲಿ ಗೆರೆಗಳು ವರ್ಲ್ಡ್ ಅಂಕಿಯಲ್ಲಿ ಉಳಿದರೆ, ಆರ್ಕ್ ಮತ್ತು ವೃತ್ತಗಳು ತಮ್ಮದೇ ಸಮತಲದ ಅಂಕಿಯಲ್ಲಿ, ಯಾವ ಕಡೆಗೆ ಮುಖ ಎಂಬ ದಿಕ್ಕಿನ ಜೊತೆಗೆ ಉಳಿಯುತ್ತವೆ. ಝಡ್ −1 ಇರುವ ಯುಸಿಎಸ್‌ನಲ್ಲಿ ಬರೆದ ವೃತ್ತದ ಎಕ್ಸ್ ಅಂಕಿ ಫೈಲಿನೊಳಗೆ ಋಣ ಚಿಹ್ನೆಯೊಂದಿಗೆ ಕೂರುತ್ತದೆ. ಆಟೋಕ್ಯಾಡ್ ಇದನ್ನು ಅರ್ಥಮಾಡಿಕೊಂಡು ಸರಿಯಾಗಿ ತೋರಿಸುತ್ತದೆ. ದಿಕ್ಕನ್ನು ಓದದ ಶೀಟಿನ ಮೇಲೆ ಭಾಗಗಳನ್ನು ಹೊಂದಿಸುವ ಕೆಲವು ಅಗ್ಗದ ನೆಸ್ಟಿಂಗ್ ಸಾಫ್ಟ್‌ವೇರ್‌ಗಳಲ್ಲಿ ಗೆರೆಗಳು ಬಲಗಡೆ, ರಂಧ್ರಗಳು ಹಾರಿ ಎಡಗಡೆ. ಪತ್ತೆಹಚ್ಚಲು ವರ್ಲ್ಡ್‌ನಲ್ಲಿದ್ದು ಆ ವೃತ್ತಕ್ಕೆ ಲಿಸ್ಟ್ ಕೊಡಿ. ಎಕ್ಸ್‌ಟ್ರೂಷನ್ ದಿಕ್ಕು ಝಡ್ −1 ಎಂಬ ಸಾಲು ಬಂದರೆ ಅದೇ ಕಳ್ಳ. ವೃತ್ತ ನಾಲ್ಕೇ ಇದ್ದರೆ ಅಳಿಸಿ ವರ್ಲ್ಡ್‌ನಲ್ಲಿ ಮತ್ತೆ ಬರೆಯುವುದೇ ಬೇಗ.

ಸಂಪಾದಕರೇ, ಪುಣೆ ಮುಂಬಯಿಯ ಕನ್ನಡ ಸಂಘಗಳು ಉದ್ಯೋಗ ತರಬೇತಿ ನಡೆಸುವುದಾದರೆ ಪಠ್ಯದಲ್ಲಿ ಇದಕ್ಕೊಂದು ಪೂರ್ತಿ ದಿನ ಇಡಲಿ ಎಂಬುದು ನಮ್ಮ ಕೋರಿಕೆ. ಹಣ ಕಟ್ಟಿ ತರಗತಿಗೆ ಸೇರುವ ಮಕ್ಕಳು, ಅವರ ತಂದೆ ತಾಯಂದಿರು, ಸೇರುವ ಮುಂಚೆ ಕಲಿಸುವವರಿಗೆ ಮೇಲಿನ ಎರಡು ಕಲ್ಲುಗಳ ಅಂಕಿ ಕೊಟ್ಟು, ಬೇರೆ ಬೇರೆ ಲೆವೆಲ್ ಸೇರಿಸಿ, 12 ಮತ್ತು 6 ಮೀಟರಿನ ಕಾಲಂನ ವರ್ಲ್ಡ್ ನಿರ್ದೇಶಾಂಕ ತೆಗೆದುಕೊಡಿ ಎಂದು ಕೇಳಲಿ. ಸರ್ವೇಯನ್ನು ತಿರುಗಿಸದೆ, 379621.240 ಮತ್ತು 2048165.435 ತಂದುಕೊಟ್ಟರೆ ಅಲ್ಲಿ ಹಣ ಕಟ್ಟಬಹುದು.

ಇಂತಿ,
ಭೋಸರಿ ಮತ್ತು ಕೋಥ್ರೂಡ್‌ನ ಕೆಲವು ಕನ್ನಡಿಗ ಡ್ರಾಫ್ಟ್ಸ್‌ಮನ್‌ಗಳು, ಸರ್ವೇಯರುಗಳು
ಪುಣೆ